ಮದುವೆ ಶೂಟಿಂಗ್ ಡ್ರೋನ್‌ನಿಂದ ಹವಾಮಾನ ಅಳೆಯಬಹುದೇ?

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕು, ಘಟ್ಟದ ಬುಡದ ಊರು. ಅಡಿಕೆ, ತೆಂಗಿನ ತೋಟ ಇದೆ. ಮಗ ಮದುವೆ ಶೂಟಿಂಗ್‌ಗೆ ಡ್ರೋನ್ ಇಟ್ಟುಕೊಂಡಿದ್ದಾನೆ. 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಡ್ರೋನ್ ಹಾರಿಸಿ ಹುಡುಕಿದ್ದನ್ನು ನೋಡಿದ ಮೇಲೆ ಒಂದು ಯೋಚನೆ ಬಂತು. ಅದಕ್ಕೆ ಥರ್ಮಾಮೀಟರ್, ತೇವಾಂಶದ ಸೆನ್ಸರ್ ಕಟ್ಟಿ ಮೇಲೆ ಬಿಟ್ಟರೆ ಮಳೆ ಬರುತ್ತೋ ಇಲ್ಲವೋ ಮೊದಲೇ ತಿಳಿಯಬಹುದಾ? ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ಗೊತ್ತುಮಾಡಲು ಅನುಕೂಲ ಆಗುತ್ತಿತ್ತು. ಇಷ್ಟು ಸುಲಭ ಇದ್ದರೆ ಹವಾಮಾನ ಇಲಾಖೆಯವರು ಇನ್ನೂ ಬಲೂನ್ ಯಾಕೆ ಬಿಡುತ್ತಾರೆ?

ಉತ್ತರ: ನಿಮ್ಮ ತೋಟದ ಮೇಲೆ ಹಾರುವ ಒಂದು ಡ್ರೋನ್ ನಾಳೆ ಮಳೆ ಬರುತ್ತೋ ಇಲ್ಲವೋ ಹೇಳುವುದಿಲ್ಲ. ಮಳೆಗಾಲದ ಮಳೆಗೆ ಬೇಕಾದ ತೇವ ಬರುವುದು ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡಿದ ಅರಬ್ಬಿ ಸಮುದ್ರದಿಂದ. ಮೋಡಗಳು ಎಷ್ಟೋ ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತವೆ. ತೋಟದ ಮೇಲಿನ ನೂರು ಮೀಟರ್ ಗಾಳಿ ನೋಡಿ ಅದನ್ನೆಲ್ಲ ಹೇಳಲು ಆಗದು. ಹಾಗಂತ ಯೋಚನೆ ಕೈಬಿಡಬೇಡಿ. ನೆಲದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದವರೆಗಿನ ಗಾಳಿಯ ಅಳತೆ ನಮ್ಮ ಕರಾವಳಿಯಲ್ಲಿ ತುಂಬಾ ಕಡಿಮೆ. ಡ್ರೋನ್ ಚೆನ್ನಾಗಿ ಮಾಡಬಲ್ಲ ಕೆಲಸವೂ ಅದೇ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಬಿಸಿಲಿಗೆ ಮೊದಲು ಕಾಯುವುದು ನೆಲ. ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇಳುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಹೀಗೆ ಮಧ್ಯಾಹ್ನದ ಹೊತ್ತಿಗೆ ಒಳನಾಡಿನಲ್ಲಿ ಒಂದೆರಡು ಕಿಲೋಮೀಟರ್ ದಪ್ಪದ ಪದರ ಚೆನ್ನಾಗಿ ಕಲಸಿಹೋಗಿರುತ್ತದೆ. ನೆಲದಿಂದ ಎದ್ದ ತೇವ, ಧೂಳು, ಹೊಗೆ ಎಲ್ಲ ಹೆಚ್ಚಾಗಿ ಅದರೊಳಗೇ ಸುತ್ತುತ್ತವೆ. ಹೀಗೆ ಕಲಸಿದ ಗಾಳಿಯಲ್ಲಿ ನೂರು ಮೀಟರ್ ಮೇಲೆ ಹೋದರೆ ಉಷ್ಣಾಂಶ ಸುಮಾರು 1 ಡಿಗ್ರಿ ಇಳಿಯುತ್ತದೆ. ರಾತ್ರಿ ಇದು ತಿರುವುಮುರುವಾಗುತ್ತದೆ. ನೆಲ ಬೇಗ ತಣಿಯುತ್ತದೆ. ನೆಲದ ಪಕ್ಕದ ಗಾಳಿ ತಣ್ಣಗಾಗಿ ಅಲ್ಲೇ ಕೂತುಬಿಡುತ್ತದೆ. ಆಗ ಮೇಲೆ ಹೋದಷ್ಟೂ ಬೆಚ್ಚಗೆ. ಈ ತಣ್ಣನೆಯ ಪದರ ಹಲವು ಸಲ ನೂರಿನ್ನೂರು ಮೀಟರ್‌ಗಿಂತ ದಪ್ಪ ಇರುವುದಿಲ್ಲ.

ಕರಾವಳಿಯಲ್ಲಿ ಇದರ ಜೊತೆ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಪಡುವಣ ಗಾಳಿ ಶುರುವಾಗುತ್ತದೆ. ರಾತ್ರಿ ಅದು ನಿಂತು ನೆಲದಿಂದ ಕಡಲಿನ ಕಡೆ ತೆಳುವಾದ ಗಾಳಿ ಹೊರಡುತ್ತದೆ. ಬೈತಖೋಲ್‌ನಲ್ಲೋ ತದಡಿಯಲ್ಲೋ ಇರುವ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಸುಕಿನ ಗಾಳಿ ಹಿಡಿದು ಹೊರಗೆ ಹೋಗಿ, ಮಧ್ಯಾಹ್ನದ ಗಾಳಿ ಹಿಡಿದು ವಾಪಸಾಗುವ ಲೆಕ್ಕ ಹಾಯಿ ಕಟ್ಟುತ್ತಿದ್ದ ಕಾಲದ್ದು. ಆದರೆ ಕೆಳಗೆ ನಿಂತವರಿಗೆ ತಿಳಿಯದ ಒಂದು ವಿಷಯ ಇದೆ. ಆ ಗಾಳಿ ಎಷ್ಟು ದಪ್ಪ? ಕೆಲವು ದಿನ ಅದು ಮುನ್ನೂರು ಮೀಟರ್‌ಗೇ ಮುಗಿಯುತ್ತದೆ. ಕೆಲವು ದಿನ ಒಂದು ಕಿಲೋಮೀಟರ್‌ವರೆಗೂ ಇರುತ್ತದೆ. ಅದರ ಮೇಲೆ ಹಲವು ಸಲ ಗಾಳಿ ವಾಪಸ್ ಕಡಲಿನ ಕಡೆಗೇ ಹೋಗುತ್ತಿರುತ್ತದೆ. ಮುಖಕ್ಕೆ ಬಡಿಯುವ ಗಾಳಿ ಮಾತ್ರ ಎರಡೂ ದಿನ ಒಂದೇ.

ಈ ದಪ್ಪ ಯಾಕಷ್ಟು ಮುಖ್ಯ? ಏಪ್ರಿಲ್ ಕೊನೆಯ ಎರಡು ದಿನ ಅಂದುಕೊಳ್ಳಿ. ಎರಡೂ ದಿನ ಮಧ್ಯಾಹ್ನ ಕುಮಟಾದಲ್ಲಿ 33 ಡಿಗ್ರಿ, ತೇವಾಂಶ ಶೇ 70. ಮೊದಲ ದಿನ ಸಂಜೆ ಶಿರಸಿ, ಸಿದ್ದಾಪುರದ ಕಡೆ ಗುಡುಗು, ಸಿಡಿಲು, ಜೋರು ಮಳೆ. ಮರುದಿನ ಬರೀ ಸೆಖೆ. ನೆಲದ ಮೇಲಿನ ಅಂಕಿ ನೋಡಿದರೆ ಕಾರಣ ಸಿಗುವುದಿಲ್ಲ. ಮೊದಲ ದಿನ ಆ ತೇವ ಒಂದೂವರೆ ಕಿಲೋಮೀಟರ್ ಎತ್ತರದವರೆಗೂ ತುಂಬಿತ್ತು ಅನ್ನಿ. ಎರಡನೆಯ ದಿನ ಮುನ್ನೂರು ಮೀಟರ್ ಮೇಲೆ ಒಣ ಗಾಳಿ ಕೂತಿತ್ತು ಅನ್ನಿ. ಕಡಲ ಗಾಳಿ ಘಟ್ಟಕ್ಕೆ ಒತ್ತಿಕೊಂಡು ಮೇಲೇರುವಾಗ ಮೊದಲ ದಿನ ಅದಕ್ಕೆ ದಾರಿಯುದ್ದಕ್ಕೂ ತೇವ ಸಿಗುತ್ತದೆ, ಮೋಡ ಬೆಳೆಯುತ್ತದೆ. ಎರಡನೆಯ ದಿನ ಒಣ ಗಾಳಿ ಬೆರೆತು ಮೋಡ ಚಿಕ್ಕದರಲ್ಲೇ ಕರಗುತ್ತದೆ. ಮೇಲೆ ಬೆಚ್ಚನೆಯ ಪದರವೊಂದು ಕೂತು ತಡೆಯುವುದೂ ಉಂಟು. ಸಂಜೆ ಮಳೆಯ ವ್ಯತ್ಯಾಸ ಶುರುವಾಗುವುದು ಅಲ್ಲಿಂದ. ಅದನ್ನು ನೋಡಬೇಕಾದರೆ ಸೆನ್ಸರ್ ಮೇಲೆ ಹೋಗಲೇಬೇಕು.

ಸದ್ಯಕ್ಕೆ ನಮ್ಮ ಜಿಲ್ಲೆಯ ಮೇಲೆ ಯಾರ್ಯಾರ ಕಣ್ಣಿದೆ ನೋಡೋಣ. ಕಾರವಾರ, ಹೊನ್ನಾವರ, ಶಿರಾಲಿಯಲ್ಲಿ ಹವಾಮಾನ ಇಲಾಖೆಯ ಕೇಂದ್ರಗಳಿವೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಇವೆಲ್ಲ ನೆಲದ ಮೇಲಿನ ಅಳತೆ. ಮೇಲಿನ ಗಾಳಿ ಅಳೆಯಲು ಸೆನ್ಸರ್ ಪೆಟ್ಟಿಗೆ ಕಟ್ಟಿದ ಬಲೂನ್ ಇದೆ. ನಮಗೆ ಹತ್ತಿರದ ಬಲೂನ್ ಏರುವುದು ಉತ್ತರಕ್ಕೆ ಪಣಜಿಯಿಂದ, ದಕ್ಷಿಣಕ್ಕೆ ಮಂಗಳೂರಿನ ಪಣಂಬೂರಿನಿಂದ. ಕುಮಟಾದಿಂದ ನೇರ ಗೆರೆ ಎಳೆದರೆ ಮೊದಲನೆಯದು ಸುಮಾರು 130 ಕಿ.ಮೀ., ಎರಡನೆಯದು 170 ಕಿ.ಮೀ. ನಡುವಿನ ಮುನ್ನೂರು ಕಿಲೋಮೀಟರ್ ಕರಾವಳಿಯಲ್ಲಿ ಇನ್ನೊಂದು ಬಲೂನ್ ಇಲ್ಲ.

ದೂರ ಒಂದೇ ತೊಂದರೆ ಅಲ್ಲ. ಪ್ರಪಂಚದಾದ್ಯಂತ ಬಲೂನ್ ಅಳತೆಗೆ ಗೊತ್ತಾದ ಹೊತ್ತಿದೆ. ನಮ್ಮ ಗಡಿಯಾರದಲ್ಲಿ ಅದು ಬೆಳಗ್ಗೆ 5.30 ಮತ್ತು ಸಂಜೆ 5.30. ಬೆಳಗಿನ ಬಲೂನ್ ಹೋಗುವಾಗ ಕಡಲ ಗಾಳಿ ಇನ್ನೂ ಹುಟ್ಟಿರುವುದಿಲ್ಲ. ಸಂಜೆಯದು ಹೋಗುವಾಗ ಅದು ಇಳಿಮುಖ. ಗಾಳಿ ಜೋರಾಗಿ ಘಟ್ಟ ಹತ್ತುವ ಮಧ್ಯಾಹ್ನ ಹನ್ನೆರಡರಿಂದ ಮೂರರ ಹೊತ್ತು ಯಾವ ಬಲೂನ್‌ಗೂ ಸಿಗುವುದಿಲ್ಲ. ಬಲೂನ್ ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. ನಾನು ಇಷ್ಟೆಲ್ಲ ಹೇಳಿದ ಮೊದಲ ಒಂದು ಕಿಲೋಮೀಟರನ್ನು ಅದು ಮೂರು, ಮೂರೂವರೆ ನಿಮಿಷದಲ್ಲಿ ದಾಟಿಬಿಡುತ್ತದೆ.

ರಾಡಾರ್ ಇದೆಯಲ್ಲ ಅನ್ನಬಹುದು. ಪಣಜಿಯಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರಾಡಾರ್ ಇದೆ. ಮಳೆ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಭೂಮಿ ಗುಂಡಗಿದೆ, ರಾಡಾರ್ ಕಿರಣವನ್ನು ಸ್ವಲ್ಪ ಮೇಲ್ಮುಖವಾಗಿ ಬಿಡುತ್ತಾರೆ. ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ ಕಾರವಾರ ತಲುಪುವಾಗ ಒಂದು ಕಿಲೋಮೀಟರ್ ದಾಟಿರುತ್ತದೆ. ಕುಮಟಾ ಮೇಲೆ ಬರುವಷ್ಟರಲ್ಲಿ ಎರಡು ಕಿಲೋಮೀಟರ್ ಮೇಲಿರುತ್ತದೆ. ನಿಮ್ಮ ತಲೆಯ ಮೇಲಿನ ಕೆಳಪದರ ಪೂರ್ತಿ ಅದರ ಕೆಳಗೇ ಉಳಿಯಿತು. ಉಪಗ್ರಹ ಮೇಲಿನಿಂದ ನೋಡುತ್ತದೆ. ಅದಕ್ಕೆ ಮೋಡದ ತಲೆ ಚೆನ್ನಾಗಿ ಕಾಣುತ್ತದೆ, ಬುಡ ಕಾಣುವುದಿಲ್ಲ.

ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಈಚೆಗೆ ಬಹಳ ಸೂಕ್ಷ್ಮವಾಗಿವೆ. 2025ರ ಮೇನಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ದೇಶವನ್ನು 6 ಕಿ.ಮೀ. ಚೌಕಗಳಲ್ಲಿ ನೋಡುತ್ತದೆ. ಮೊದಲು 12 ಕಿ.ಮೀ. ಇತ್ತು. ಕುಮಟಾದಿಂದ ಶಿರಸಿಗೆ ನೇರವಾಗಿ ಸುಮಾರು 50 ಕಿ.ಮೀ. ಅಂದರೆ ಮೊದಲು ಕಡಲು, ದೇವಿಮನೆ ಘಟ್ಟ, ಶಿರಸಿ ಎಲ್ಲ ನಾಲ್ಕು ಚೌಕದಲ್ಲಿ ಮುಗಿಯುತ್ತಿತ್ತು. ಈಗ ಎಂಟು ಚೌಕ. ಒಳ್ಳೆಯದೇ ಆಯಿತು. ಆದರೆ ಲೆಕ್ಕ ಶುರು ಮಾಡುವಾಗ ಆ ಎಂಟು ಚೌಕದ ಕೆಳಗಾಳಿ ಹೇಗಿದೆ ಎಂದು ಯಾರಾದರೂ ಹೇಳಬೇಕು. ಹೇಳುವವರಿಲ್ಲದಿದ್ದರೆ ಕಂಪ್ಯೂಟರ್ ಅಂದಾಜಿನಲ್ಲೇ ತುಂಬಿಕೊಳ್ಳುತ್ತದೆ. ಚೌಕ ಚಿಕ್ಕದು ಮಾಡುವುದರ ಬಗ್ಗೆ ನಾವು ಮಾತಾಡುವಷ್ಟು ಅದರೊಳಗೆ ಅಳತೆ ತುಂಬಿಸುವುದರ ಬಗ್ಗೆ ಮಾತಾಡುವುದಿಲ್ಲ. ಇದು ನನಗೆ ನಿಜವಾಗಿ ಬೇಸರದ ವಿಷಯ.

ಇನ್ನು ಡ್ರೋನ್‌ನಿಂದ ಯಾರು ಏನು ಮಾಡಿದ್ದಾರೆ? ಬಹಳ ಹಿಂದೆ ಈ ಕೆಲಸಕ್ಕೆ ಗಾಳಿಪಟ ಬಳಸುತ್ತಿದ್ದರು. 1749ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ವಿಲ್ಸನ್ ಗಾಳಿಪಟಕ್ಕೆ ಥರ್ಮಾಮೀಟರ್ ಕಟ್ಟಿ ಮೇಲಿನ ಗಾಳಿಯ ಉಷ್ಣಾಂಶ ಅಳೆದರು. ನಿಮ್ಮ ಯೋಚನೆಗೆ ಹಳೆಯ ವಂಶವೇ ಇದೆ. 1998ರಲ್ಲಿ ಏರೋಸೋಂಡ್ ಅನ್ನುವ ಪುಟ್ಟ ವಿಮಾನ ಪೈಲಟ್ ಇಲ್ಲದೆ ಅಟ್ಲಾಂಟಿಕ್ ಸಾಗರ ದಾಟಿತು. ಅದನ್ನು ಮಾಡಿದ್ದೇ ಹವಾಮಾನ ಅಳೆಯಲಿಕ್ಕೆ.

ನನಗೆ ಹೆಚ್ಚು ಇಷ್ಟದ್ದು ನಮ್ಮ ಅರಬ್ಬಿ ಸಮುದ್ರದ ಕಡೆಯ ಕೆಲಸ. 2006ರ ಮಾರ್ಚ್‌ನಲ್ಲಿ ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್ ಅವರ ತಂಡ ಮಾಲ್ಡೀವ್ಸ್‌ನ ಹನಿಮಾಧು ದ್ವೀಪದಿಂದ ಮೂರು ಚಿಕ್ಕ ಮಾನವರಹಿತ ವಿಮಾನಗಳನ್ನು ಹಾರಿಸಿತು. ಬೇರೆ ಬೇರೆ ಹೊತ್ತಿನಲ್ಲಲ್ಲ. ಒಂದೇ ಹೊತ್ತಿಗೆ, ಒಂದರ ಮೇಲೊಂದು ಬರುವ ಹಾಗೆ. ಒಂದು ಹೊಗೆ-ದೂಳಿನ ಪದರದ ಮೇಲೆ, ಒಂದು ಒಳಗೆ, ಒಂದು ಕೆಳಗೆ. ಮೇಲಿನದಕ್ಕೆ ಸಿಕ್ಕ ಬಿಸಿಲೆಷ್ಟು, ಕೆಳಗಿನದಕ್ಕೆ ಸಿಕ್ಕಿದ್ದೆಷ್ಟು ಎಂದು ನೋಡಿದರೆ ನಡುವೆ ಗಾಳಿ ಹೀರಿಕೊಂಡದ್ದು ಎಷ್ಟು ಎಂದು ನೇರವಾಗಿ ತಿಳಿಯುತ್ತದೆ. ಮಸಿಯ ಕಣ ತುಂಬಿದ ಆ ಕಂದು ಪದರ ಕೆಳ ವಾತಾವರಣವನ್ನು ಬಿಸಿಲು ಕಾಯಿಸುವುದನ್ನು ಸುಮಾರು ಶೇ 50ರಷ್ಟು ಹೆಚ್ಚಿಸುತ್ತದೆ ಎಂದು ಅವರು 2007ರಲ್ಲಿ ತೋರಿಸಿದರು. ಒಂದೇ ಹೊತ್ತಿಗೆ ಮೂರು ಎತ್ತರದಲ್ಲಿ ಇರುವುದು ಬಲೂನ್‌ನಿಂದ ಆಗುವ ಕೆಲಸವಲ್ಲ.

ಈಗ ಸ್ವಿಟ್ಜರ್ಲೆಂಡ್‌ನ ಮೀಟಿಯೊಮ್ಯಾಟಿಕ್ಸ್ ಕಂಪನಿಯ ಹವಾಮಾನ ಡ್ರೋನ್‌ಗಳು 6 ಕಿಲೋಮೀಟರ್‌ವರೆಗೆ ಏರಿ ಇಳಿಯುತ್ತವೆ. ಅಮೆರಿಕದ ಒಕ್ಲಹಾಮಾ ವಿಶ್ವವಿದ್ಯಾಲಯದವರು ಈ ಕೆಲಸಕ್ಕೆಂದೇ ಕಾಪ್ಟರ್‌ಸೋಂಡ್ ಅನ್ನುವ ಡ್ರೋನ್ ಮಾಡಿಕೊಂಡಿದ್ದಾರೆ. 2024ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಹಲವು ದೇಶಗಳ ತಂಡಗಳನ್ನು ಸೇರಿಸಿ ತಿಂಗಳುಗಟ್ಟಲೆ ಡ್ರೋನ್ ಅಳತೆಯ ಪ್ರಯೋಗ ನಡೆಸಿತು. ಬಲೂನ್ ಬದಲು ಡ್ರೋನ್ ಬಳಸುವ ಯೋಚನೆ ನಮ್ಮ ಭೂವಿಜ್ಞಾನ ಸಚಿವಾಲಯದವರದ್ದೂ ಹೌದು. 2022ರಲ್ಲೇ ಅವರು ಈ ಮಾತು ಹೇಳಿದ್ದರು.

ಹಾಗಾದರೆ ಬಲೂನ್ ಯಾಕೆ ಇನ್ನೂ ಇದೆ? ಬಲೂನ್ 30 ಕಿಲೋಮೀಟರ್‌ಗೂ ಮೇಲೆ ಹೋಗುತ್ತದೆ. ಡ್ರೋನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಬಲೂನ್ ಮಳೆಯಲ್ಲೂ ಗಾಳಿಯಲ್ಲೂ ಏರುತ್ತದೆ. ಬ್ಯಾಟರಿ ಮುಗಿಯಿತು, ವಾಪಸ್ ಬರಬೇಕು ಅನ್ನುವ ಚಿಂತೆ ಅದಕ್ಕಿಲ್ಲ. ಚಿಂತೆ ಇಲ್ಲದಿರುವುದಕ್ಕೆ ಕಾರಣ ಅದು ವಾಪಸ್ ಬರುವುದೇ ಇಲ್ಲ. ಪ್ರತಿ ಸಲ ಒಂದು ಸೆನ್ಸರ್ ಪೆಟ್ಟಿಗೆ ಹೋದಂತೆಯೇ. ಡ್ರೋನ್‌ಗೆ ಅದೇ ಸೆನ್ಸರ್ ಮತ್ತೆ ಮತ್ತೆ ಬರುತ್ತದೆ, ಗಂಟೆಗೊಮ್ಮೆ ಹಾರಿಸಬಹುದು. ಒಂದರ ಜಾಗವನ್ನು ಇನ್ನೊಂದು ತುಂಬುವುದಿಲ್ಲ. ಕೆಳಪದರಕ್ಕೆ ಡ್ರೋನ್, ಅದರ ಮೇಲಕ್ಕೆ ಬಲೂನ್ ಅನ್ನುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಕಹಿ ಸಂಗತಿ ಹೇಳಲೇಬೇಕು. ನಮ್ಮ ಕರಾವಳಿಗೆ ಅಳತೆ ಅತಿ ಹೆಚ್ಚು ಬೇಕಾದ ದಿನಗಳಲ್ಲೇ ಸಾಧಾರಣ ಡ್ರೋನ್ ಹಾರುವುದಿಲ್ಲ. ಜುಲೈನಲ್ಲಿ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಮುಂಗಾರಿನ ಪಡುವಣ ಗಾಳಿ ಬಹಳ ಜೋರು. ಮದುವೆ ಶೂಟಿಂಗ್ ಡ್ರೋನ್‌ಗಳ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 10 ಮೀಟರ್ ಆಸುಪಾಸು. ಮಳೆ ನೀರು ಮೋಟಾರಿಗೆ, ಸರ್ಕ್ಯೂಟಿಗೆ ಇಳಿದರೆ ಮುಗಿಯಿತು. ಮೋಡವೂ ಆಗ ತೀರಾ ಕೆಳಗಿರುತ್ತದೆ. ಇದಕ್ಕೊಂದು ಸುಲಭ ಲೆಕ್ಕ ಇದೆ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ತೇವ ಹನಿಯಾಗಲು ಶುರುವಾಗುತ್ತದೋ ಅದು ಇಬ್ಬನಿ ಬಿಂದು. ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಇರುವ ವ್ಯತ್ಯಾಸವನ್ನು 125ರಿಂದ ಗುಣಿಸಿ. ಮೋಡದ ಬುಡ ಸುಮಾರು ಅಷ್ಟು ಮೀಟರ್ ಎತ್ತರದಲ್ಲಿರುತ್ತದೆ. ಆ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದಾಗ ಇಬ್ಬನಿ ಬಿಂದು ಸುಮಾರು 27. ಮೋಡದ ಬುಡ 750 ಮೀಟರ್ ಹತ್ತಿರ. ಜುಲೈನಲ್ಲಿ 27 ಡಿಗ್ರಿ, ಇಬ್ಬನಿ ಬಿಂದು 25 ಇದ್ದರೆ ಮೋಡ 250 ಮೀಟರ್‌ಗೇ ಶುರು. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಲೈಟ್ ಹಾಕಬೇಕಾಗುವುದು ಇದಕ್ಕೇ. ನೀವು ಆಗ ಮೋಡದೊಳಗೇ ಇರುತ್ತೀರಿ. ಅದರೊಳಗೆ ಡ್ರೋನ್ ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕೆಂಬುದು ನಿಯಮ.

ಶಿರೂರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅಲ್ಲಿ ಡ್ರೋನ್ ಬಂದದ್ದು 2024ರ ಜುಲೈ 16ರಂದು ಗುಡ್ಡ ಬಿದ್ದ ಮೇಲೆ, ಮಣ್ಣಿನಡಿ ಮತ್ತು ಗಂಗಾವಳಿ ನದಿಯಲ್ಲಿ ಹುಡುಕಲು. ಗುಡ್ಡ ಕುಸಿತದ ಮುನ್ನೆಚ್ಚರಿಕೆಗೆ ಡ್ರೋನ್ ಹವಾಮಾನ ಅಳತೆಯನ್ನು ನಂಬಿ ಕೂರುವುದು ಬೇಡ. ಅದಕ್ಕೆ ಬೇಕಾದದ್ದು ಮಳೆಮಾಪಕ, ರಾಡಾರ್, ಮತ್ತು ಗುಡ್ಡವನ್ನೇ ಕಾಯುವ ಉಪಕರಣ.

ಈಗ ನಿಮ್ಮ ಮಗನ ಡ್ರೋನ್‌ಗೆ ಬರೋಣ. ಡ್ರೋನ್ ತನ್ನ ಆ್ಯಪ್‌ನಲ್ಲಿ ಒಂದು ಉಷ್ಣಾಂಶ ತೋರಿಸಬಹುದು. ಅದು ಬ್ಯಾಟರಿಯದ್ದು, ಗಾಳಿಯದ್ದಲ್ಲ. ಬೇರೆ ಸೆನ್ಸರ್ ಬೇಕು. ಉಷ್ಣಾಂಶ, ತೇವಾಂಶ, ಒತ್ತಡ ಮೂರನ್ನೂ ಅಳೆಯುವ, ಸೆಕೆಂಡಿಗೊಮ್ಮೆ ತನ್ನಲ್ಲೇ ಬರೆದಿಟ್ಟುಕೊಳ್ಳುವ ಹಗುರ ಲಾಗರ್ ಸಾಕು. ಎತ್ತರಕ್ಕೆ ಒತ್ತಡವನ್ನೇ ನಂಬಬಹುದು. ಸಮುದ್ರಮಟ್ಟದ ಹತ್ತಿರ ಎಂಟೂವರೆ ಮೀಟರ್ ಏರಿದರೆ ಒತ್ತಡ ಸುಮಾರು 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ.

ಕಷ್ಟ ಇರುವುದು ಎಲ್ಲಿ ಕಟ್ಟಬೇಕು ಅನ್ನುವುದರಲ್ಲಿ. ಎಲ್ಲರೂ ಮೊದಲು ಹೊಟ್ಟೆಯ ಕೆಳಗೆ ನೇತುಹಾಕುತ್ತಾರೆ. ಅಲ್ಲಿ ರೆಕ್ಕೆಗಳು ಮೇಲಿನಿಂದ ಎಳೆದು ಕೆಳಗೆ ತಳ್ಳಿದ ಗಾಳಿ ಬರುತ್ತದೆ. ಜೊತೆಗೆ ಮೋಟಾರಿನ, ಬ್ಯಾಟರಿಯ ಕಾವೂ ಇರುತ್ತದೆ. ರಾತ್ರಿಯ ತೆಳು ಪದರ ಅಳೆಯುವಾಗ ಈ ಕಲಸಾಟವೇ ಅಂಕಿಯನ್ನು ಕೆಡಿಸುತ್ತದೆ. ಸೆನ್ಸರ್ ಮೈಯ ಮೇಲ್ಭಾಗದಲ್ಲಿ, ರೆಕ್ಕೆಗಳ ಸುಳಿಯಿಂದ ಆಚೆ, ಹಗುರ ಕಡ್ಡಿಯ ತುದಿಯಲ್ಲಿ ಇರಲಿ. ಜಿಪಿಎಸ್ ಮೇಲೆ, ಕ್ಯಾಮೆರಾದ ಮುಂದೆ, ಅಡ್ಡಿ ಗುರುತಿಸುವ ಕಣ್ಣುಗಳ ಮುಂದೆ ಬೇಡ. ಬಿಸಿಲು ನೇರ ಬೀಳದಂತೆ ಬಿಳಿ ಕೊಳವೆಯೊಳಗೆ ಇಡಿ, ಎರಡೂ ತುದಿ ತೆರೆದಿರಲಿ. ಬಿಸಿಲಿಗೆ ಬಿದ್ದ ಸೆನ್ಸರ್ ಗಾಳಿಯ ಉಷ್ಣಾಂಶ ಹೇಳುವುದಿಲ್ಲ, ತನ್ನ ಮೈ ಎಷ್ಟು ಕಾದಿದೆ ಅಂತ ಹೇಳುತ್ತದೆ. ದುಬಾರಿ ಸೆನ್ಸರ್ ಕೆಟ್ಟ ಜಾಗದಲ್ಲಿ ಕಟ್ಟುವುದಕ್ಕಿಂತ ಸಾಧಾರಣ ಸೆನ್ಸರ್ ಸರಿಯಾದ ಜಾಗದಲ್ಲಿ ಕಟ್ಟುವುದು ಎಷ್ಟೋ ವಾಸಿ.

ಇನ್ನೊಂದು ವಿಷಯ ನಿಧಾನ. ಯಾವ ಸೆನ್ಸರ್‌ಗೂ ಹೊಸ ಗಾಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅದಕ್ಕೆ 10 ಸೆಕೆಂಡ್ ಬೇಕು, ನೀವು ಸೆಕೆಂಡಿಗೆ 3 ಮೀಟರ್ ಏರುತ್ತಿದ್ದೀರಿ ಅಂದರೆ ಅದು ತೋರಿಸುವುದು 30 ಮೀಟರ್ ಕೆಳಗಿನ ಗಾಳಿ. ತೇವಾಂಶದ ಸೆನ್ಸರ್ ಹಲವು ಸಲ ಉಷ್ಣಾಂಶದ್ದಕ್ಕಿಂತ ನಿಧಾನ. ಪರೀಕ್ಷೆ ಸುಲಭ. ಏರುವಾಗಿನ ಅಂಕಿಯನ್ನೂ ಇಳಿಯುವಾಗಿನದನ್ನೂ ಒಂದೇ ಕಾಗದದ ಮೇಲೆ ಬರೆಯಿರಿ. ಎರಡೂ ಗೆರೆ ಹತ್ತಿರ ಹತ್ತಿರ ಬಂದರೆ ಸರಿ. ದೂರ ಇದ್ದರೆ ನೀವು ಜಾಸ್ತಿ ವೇಗದಲ್ಲಿ ಹೋಗುತ್ತಿದ್ದೀರಿ. ಮಂಜಿನಲ್ಲಿ ನೆನೆದ ಸೆನ್ಸರ್ ಹೊರಗೆ ಬಂದ ಮೇಲೆ ನೀರು ಆರುವವರೆಗೆ ಉಷ್ಣಾಂಶ ಕಡಿಮೆ ತೋರಿಸುತ್ತದೆ. ಆ ಹೊತ್ತಿನ ಅಂಕಿ ಬಿಟ್ಟುಬಿಡಿ.

ಗಾಳಿಯ ವೇಗಕ್ಕೆ ಬೇರೆ ಉಪಕರಣ ಇಲ್ಲದೆಯೂ ಅಂದಾಜು ಸಿಗುತ್ತದೆ. ಇದು ನನಗೆ ಈ ವಿಷಯದಲ್ಲೇ ಅತಿ ಚೆಂದ ಕಾಣುವ ಭಾಗ. ಎದುರುಗಾಳಿಗೆ ನಡೆಯುವವರು ಮುಂದಕ್ಕೆ ಬಾಗುವ ಹಾಗೆ, ಒಂದೇ ಕಡೆ ನಿಲ್ಲಬೇಕಾದ ಡ್ರೋನ್ ಕೂಡ ಗಾಳಿಯ ಕಡೆಗೆ ವಾಲುತ್ತದೆ. ಗಾಳಿ ಜೋರಾದಷ್ಟೂ ವಾಲುವುದು ಜಾಸ್ತಿ. ಎಷ್ಟು ವಾಲಿದೆ, ಯಾವ ಕಡೆ ವಾಲಿದೆ ಎಂದು ಡ್ರೋನ್‌ಗೆ ಗೊತ್ತೇ ಇರುತ್ತದೆ. ಅದರಿಂದ ವೇಗವೂ ದಿಕ್ಕೂ ಸಿಗುತ್ತವೆ. ಗಾಳಿಮಾಪಕ ಇರುವ ಕಂಬದ ಪಕ್ಕ ಒಮ್ಮೆ ನಿಲ್ಲಿಸಿ ಹೋಲಿಸಿಕೊಂಡರೆ ಅಂದಾಜು ಗಟ್ಟಿಯಾಗುತ್ತದೆ. ಸೆನ್ಸರ್ ಕಟ್ಟಿದ ಮೇಲೆ ತೂಕ, ಆಕಾರ ಬದಲಾಗುವುದರಿಂದ ಹೋಲಿಕೆಯನ್ನೂ ಮತ್ತೆ ಮಾಡಬೇಕು.

ಹಾರಿಸುವ ಮೊದಲು ಕಾನೂನು ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕೆ.ಜಿ. ಒಳಗಿನದು ಮೈಕ್ರೋ ವರ್ಗ. ಶೂಟಿಂಗ್ ಡ್ರೋನ್‌ಗಳು ಹೆಚ್ಚಾಗಿ ಇದರಲ್ಲೇ ಬರುತ್ತವೆ. ನೋಂದಣಿ ಬೇಕು. ದುಡಿಮೆಗಲ್ಲದ ಮೈಕ್ರೋ ಹಾರಾಟಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಮದುವೆ ಶೂಟಿಂಗ್ ದುಡಿಮೆಯೇ ಆದ್ದರಿಂದ ಮಗನಿಗೆ ಅದು ಹೇಗೂ ಬೇಕು. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್‌ವರೆಗೆ ಅನುಮತಿ ಇಲ್ಲದೆ ಹಾರಿಸಬಹುದು. ಅದಕ್ಕಿಂತ ಮೇಲೆ ಅನುಮತಿ ಬೇಕು. ನಮ್ಮ ಜಿಲ್ಲೆಯಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಕಾರವಾರದ ಹತ್ತಿರ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಇದೆ. ಅವುಗಳ ಸುತ್ತ ಹಾರಿಸುವ ಯೋಚನೆಯನ್ನೇ ಮಾಡಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ಅರಣ್ಯ ಇಲಾಖೆಯನ್ನು ಕೇಳಬೇಕು. ನಿಮ್ಮ ಊರು ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ.

120 ಮೀಟರ್‌ನಲ್ಲಿ ಕಡಲ ಗಾಳಿಯ ದಪ್ಪ ಸಿಗುವುದಿಲ್ಲ. ಮೋಡದ ಬುಡವೂ ಸಿಗುವುದಿಲ್ಲ. ಅದು ಅನುಮತಿ ಪಡೆದ ಕಾಲೇಜು, ಸಂಶೋಧನಾ ಸಂಸ್ಥೆಗಳ ಕೆಲಸ. ಕಾರವಾರ, ಕುಮಟಾ, ಶಿರಸಿ ಮೂರು ಕಡೆ ಒಂದೇ ಹೊತ್ತಿಗೆ, ಏಪ್ರಿಲ್‌ನಿಂದ ಮೇವರೆಗೆ ಮಧ್ಯಾಹ್ನ ಹಾರಿಸಿದರೆ ಎಷ್ಟು ತಿಳಿಯಬಹುದು ಅಂತ ನನಗೆ ಬಹಳ ಆಸೆ. ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ, ಯಂತ್ರ ಇದೆ, ವಿಧಾನ ಇದೆ.

ಆದರೆ 120 ಮೀಟರ್‌ನಲ್ಲೇ ಪೂರ್ತಿಯಾಗಿ, ಚೆನ್ನಾಗಿ ಸಿಗುವ ಒಂದು ವಿಷಯ ಇದೆ. ಅದು ಚಳಿಗಾಲದ ಮುಂಜಾನೆ. ನಮ್ಮ ಕಡೆ ತೋಟ ಇರುವುದು ಕಣಿವೆಯಲ್ಲಿ, ಸೊಪ್ಪಿನ ಬೆಟ್ಟ ಅದರ ಮೇಲೆ. ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿ ಬೆಟ್ಟದ ತಣ್ಣನೆಯ ಗಾಳಿ ಜಾರಿ ತೋಟದಲ್ಲಿ ತುಂಬಿಕೊಳ್ಳುತ್ತದೆ. ಬೆಳಗ್ಗೆ ಬಚ್ಚಲ ಒಲೆಯ ಹೊಗೆ ಮೇಲೇರದೆ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಹರಡುವುದನ್ನು ನೋಡಿರುತ್ತೀರಿ, ಅಲ್ವಾ? ಹೊಗೆ ನಿಂತ ಆ ಮಟ್ಟದಲ್ಲಿ ಬೆಚ್ಚನೆಯ ಗಾಳಿ ಇದೆ. ಅದನ್ನು ನಿಮ್ಮ ಡ್ರೋನ್ ಅಳೆಯಬಲ್ಲದು.

ಬೆಳಕು ಹರಿದ ಕೂಡಲೇ ತೋಟದ ಪಕ್ಕದ ಬಯಲಿನಿಂದ ಹಾರಿಸಿ. ಮೊದಲು ಎದೆಯ ಎತ್ತರದಲ್ಲಿ ಎರಡು ನಿಮಿಷ ಸೆನ್ಸರ್ ಹಿಡಿದು ನಿಲ್ಲಿ. ಆಮೇಲೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಏರಿಸಿ, ಪ್ರತಿ 20 ಮೀಟರ್‌ಗೆ 20 ಸೆಕೆಂಡ್ ನಿಲ್ಲಿಸಿ. 120ಕ್ಕೆ ಹೋಗಿ ಅದೇ ರೀತಿ ಇಳಿಸಿ. ಎಲ್ಲ ಸೇರಿ ಆರೇಳು ನಿಮಿಷ, ಒಂದು ಬ್ಯಾಟರಿಯಲ್ಲಿ ಧಾರಾಳವಾಗಿ ಮುಗಿಯುತ್ತದೆ. ಇದನ್ನೇ ಎಂಟಕ್ಕೆ, ಒಂಬತ್ತಕ್ಕೆ, ಹತ್ತಕ್ಕೆ ಮತ್ತೆ ಮಾಡಿ. ಮೊದಲ ಹಾರಾಟದಲ್ಲಿ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಇರುತ್ತದೆ. ಬಿಸಿಲು ಏರಿದಂತೆ ಕೆಳಗಿನಿಂದ ಅದು ಅಳಿಸಿಹೋಗುತ್ತದೆ. ಎಷ್ಟು ಗಂಟೆಗೆ ಪೂರ್ತಿ ಅಳಿಯಿತು ಅನ್ನುವುದನ್ನು ಬರೆದಿಡಿ. ಒಂದು ದಿನದ ಅಂಕಿಗೆ ಅರ್ಥವಿಲ್ಲ. ಅದೇ ಜಾಗ, ಅದೇ ಹೊತ್ತು, ಸಾಧ್ಯವಾದಷ್ಟು ದಿನ. ಆಗ ಅದು ದಾಖಲೆ ಆಗುತ್ತದೆ.

ಇದರಿಂದ ತೋಟಕ್ಕೆ ನೇರ ಉಪಯೋಗ ಇದೆ. ಇಬ್ಬನಿ ಯಾವಾಗ ಆರುತ್ತದೆ, ಅಂಗಳದ ಅಡಿಕೆಯ ಮೇಲಿನ ಹೊದಿಕೆ ಎಷ್ಟು ಹೊತ್ತಿಗೆ ತೆಗೆಯಬಹುದು, ಮಾವಿನ ಹೂವಿನ ಮೇಲೆ ತೇವ ಎಷ್ಟು ಗಂಟೆಯವರೆಗೆ ಕೂತಿರುತ್ತದೆ ಎಂದು ಗೊತ್ತಾಗುತ್ತದೆ. ಔಷಧಿ ಹೊಡೆಯುವವರಿಗೂ ಇದು ಮುಖ್ಯ. ಕೆಳಗೆ ತಣ್ಣನೆಯ ಗಾಳಿ ಕಟ್ಟಿಕೊಂಡಿರುವಾಗ ಹೊಡೆದರೆ ಸಣ್ಣ ಹನಿಗಳು ಕೆಳಗೂ ಬೀಳದೆ, ಮೇಲಕ್ಕೂ ಚದುರದೆ ತೇಲಿಕೊಂಡು ಪಕ್ಕದ ತೋಟಕ್ಕೋ ಮನೆಗೋ ಹೋಗುತ್ತವೆ. ಗಾಳಿ ಇಲ್ಲ, ಒಳ್ಳೆಯ ಹೊತ್ತು ಎಂದು ಬೆಳಗಿನ ಜಾವವೇ ಹೊಡೆಯುವವರಿದ್ದಾರೆ. ಆ ಪದರ ಅಳಿಯುವವರೆಗೆ ಕಾಯುವುದು ಒಳ್ಳೆಯದು.

ಕೊಳೆ ಔಷಧಿ ಮಾತ್ರ ಮಳೆಗಾಲದ್ದು. ಮೊದಲ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಮಳೆ ಹಿಡಿಯುವ ಮೊದಲು, ಎರಡನೆಯದು 40, 45 ದಿನ ಬಿಟ್ಟು. ಎರಡನೆಯದಕ್ಕೆ ಮಳೆ ಬಿಟ್ಟ ಹೊಳವು ಸಿಗುವುದೇ ಕಷ್ಟ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವ ದಿನಕ್ಕೂ ಮಳೆ ಬಿಡುವ ದಿನಕ್ಕೂ ಹೊಂದುವುದು ಇನ್ನೂ ಕಷ್ಟ. ಇದಕ್ಕೆ ಡ್ರೋನ್ ನೆಚ್ಚಿಕೊಳ್ಳಬೇಡಿ. ನಾಲ್ಕೈದು ದಿನದ ಅಂದಾಜಿಗೆ ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ ನೋಡಿ, ಮೇಘದೂತ್ ಆ್ಯಪ್‌ನಲ್ಲಿ ಸಿಗುತ್ತದೆ. ಹಿಂದಿನ ರಾತ್ರಿ ಜಿಲ್ಲೆಯ ಮುನ್ಸೂಚನೆ. ಆ ದಿನ ಬೆಳಗ್ಗೆ ಗೋವಾ ರಾಡಾರ್ ಚಿತ್ರ ಮತ್ತು ಮುಂದಿನ ಮೂರು ಗಂಟೆಯ ಎಚ್ಚರಿಕೆ. ರಾಡಾರ್‌ನಲ್ಲಿ ಕಡಲ ಮೇಲೆ ಮಳೆಯ ಪಟ್ಟಿ ನಮ್ಮ ಕಡೆ ಬರುತ್ತಿರುವುದು ಕಂಡರೆ ಬ್ಯಾರಲ್‌ನಲ್ಲಿ ಮದ್ದು ಕಲಸಬೇಡಿ. ಸಿಡಿಲಿನ ಸೂಚನೆಗೆ ದಾಮಿನಿ ಆ್ಯಪ್ ಇರಲಿ. ಡ್ರೋನ್ ಹಾರಿಸುವ ದಿನವೂ ಅದನ್ನು ನೋಡಿಯೇ ಹಾರಿಸಿ.

ಕಡಲ ಹತ್ತಿರ ಹಾರಿಸುವುದಾದರೆ ಉಪ್ಪಿನ ಗಾಳಿ ಮೋಟಾರನ್ನೂ ತೇವಾಂಶದ ಸೆನ್ಸರನ್ನೂ ತಿನ್ನುತ್ತದೆ. ಹಾರಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸೆನ್ಸರನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಆಗಾಗ ನೆರಳಿನಲ್ಲಿ ಒಳ್ಳೆಯ ಥರ್ಮಾಮೀಟರ್ ಪಕ್ಕ ಇಟ್ಟು ಅಂಕಿ ಹೋಲಿಸಿ. ಹೊಸ ಡ್ರೋನ್ ಕೊಳ್ಳುವುದು ಬೇಡ, ಇರುವುದೇ ಸಾಕು. ಮೊದಲು ಸೆನ್ಸರ್ ತೆಗೆದುಕೊಂಡು ಮನೆಯ ಮಾಡಿನ ನೆರಳಿನಲ್ಲಿ ಒಂದು ವಾರ ಇಟ್ಟು ಅದರ ಗುಣ ತಿಳಿದುಕೊಳ್ಳಿ. ಮಳೆ ಪೂರ್ತಿ ಹಿಂದೆ ಸರಿದು ಮೋಡವಿಲ್ಲದ ರಾತ್ರಿಗಳು ಶುರುವಾದ ಮೇಲೆ ಹಾರಾಟ ಇಟ್ಟುಕೊಳ್ಳಿ. ಏರುವಾಗಿನ ಮತ್ತು ಇಳಿಯುವಾಗಿನ ಎರಡೂ ಅಂಕಿ, ಗಂಟೆ, ಆಕಾಶ ಹೇಗಿತ್ತು ಅನ್ನುವುದನ್ನು ಬರೆದು ಕಳಿಸಿ. ನೋಡಿ, ಏನು ಕಾಣುತ್ತದೆ ಎಂದು ಇಲ್ಲೇ ಬರೆಯುತ್ತೇನೆ.